ಅನಂತದಿಂದ ಅನಂತ ಕಳೆದರೆ

ಎಣಿಕೆಗೆ ಕೊನೆಯಿಲ್ಲ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಎಲ್ಲ ಸಂಖ್ಯೆಗಳೂ ಈಗಲೇ, ಇಡಿಯಾಗಿ ಇವೆ ಎಂದರೆ ಜಗಳ ಶುರು. ಅರಿಸ್ಟಾಟಲ್ ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ತಳ್ಳಿಹಾಕಿದ.

ಇಂದು ತಳ್ಳಿಹಾಕುವವರು ಹೆಚ್ಚಾಗಿ ನೆಚ್ಚುವುದು ಜರ್ಮನ್ ಗಣಿತಜ್ಞ ಹಿಲ್ಬರ್ಟನ ಕಲ್ಪನೆಯ ಹೋಟೆಲನ್ನು. 1, 2, 3 ಎಂದು ಮುಗಿಯದ ಕೋಣೆಗಳು, ಎಲ್ಲವೂ ಭರ್ತಿ. ಹೊಸಬ ಬಂದರೆ ಪ್ರತಿಯೊಬ್ಬರನ್ನೂ ಪಕ್ಕದ ಕೋಣೆಗೆ ಸರಿಸಿದರಾಯಿತು, 1ನೇ ಕೋಣೆ ಖಾಲಿ. ಇದು ವಿಚಿತ್ರ, ಅಷ್ಟೆ. ತೊಡಕು ಬರುವುದು ಜನ ಹೊರಡುವಾಗ. ಬೆಸ ಸಂಖ್ಯೆಯ ಕೋಣೆಗಳವರೆಲ್ಲ ಹೊರಟರೆ ಹೋದವರು ಅನಂತ, ಉಳಿದವರೂ ಅನಂತ. 4ನೇ ಕೋಣೆಯವರೂ ಅದರಾಚೆಯವರೂ ಎಲ್ಲ ಹೊರಟರೆ ಹೋದವರು ಅಷ್ಟೇ ಮಂದಿ, ಉಳಿದವರು ಮಾತ್ರ 3. ಒಂದೇ ಕಳೆಯುವ ಲೆಕ್ಕಕ್ಕೆ ಎರಡು ಉತ್ತರ! ಇಂಥದ್ದು ಲೋಕದಲ್ಲಿ ಇರಲಾರದು; ಆರಂಭವಿಲ್ಲದ ಕಾಲ ಎಂದರೆ ಕಳೆದುಹೋದ ಘಟನೆಗಳೂ ಅನಂತ, ಆದ್ದರಿಂದ ಕಾಲಕ್ಕೆ ಆರಂಭ ಇರಲೇಬೇಕು ಎಂಬುದು ಅಮೆರಿಕದ ತತ್ತ್ವಜ್ಞಾನಿ ವಿಲಿಯಂ ಲೇನ್ ಕ್ರೇಗ್ ಅವರ ವಾದ.

ಈ ವಾದ ನಿಲ್ಲುವುದಿಲ್ಲ. ಅನಂತಗಳ ಗಣಿತವನ್ನು ಕಟ್ಟಿದ ಕ್ಯಾಂಟರ್ ಪ್ರಕಾರ ಎರಡು ಗುಂಪು ಸಮ ಎಂದರೆ ಒಂದಕ್ಕೊಂದು ಜೋಡಿ ಹಾಕಬಹುದು ಎಂದಷ್ಟೇ ಅರ್ಥ. ಯಾರ್ಯಾರು ಹೋದರು ಎಂದು ಹೇಳಿ, ಯಾರು ಉಳಿದರು ಎಂಬುದು ಖಚಿತವಾಗಿ ಸಿಗುತ್ತದೆ. ಅಲ್ಲಿ ಗೊಂದಲವೇ ಇಲ್ಲ. ಎಷ್ಟು ಮಂದಿ ಹೋದರು ಎಂಬುದನ್ನು ಮಾತ್ರ ಹೇಳಿದರೆ ಮಾಹಿತಿ ಸಾಲದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಆಗುವುದೂ ಇದೇ. ಹಾಗೆಂದು ಸೊನ್ನೆಯನ್ನು ಯಾರೂ ಕೈಬಿಟ್ಟಿಲ್ಲ.

ಕಳೆಯುವುದಕ್ಕೆ ಹೆದರದೆ ಅದನ್ನೇ ಲಕ್ಷಣವಾಗಿಸಿಕೊಂಡವರು ಜೈನರು. 9ನೇ ಶತಮಾನದ ವೀರಸೇನಾಚಾರ್ಯರು ಜೈನ ಆಗಮ ಷಟ್ಖಂಡಾಗಮಕ್ಕೆ ಬರೆದ ಧವಳಾ ಟೀಕೆಯಲ್ಲಿ, ವ್ಯಯವಾಗುತ್ತಿದ್ದರೂ ಅನಂತ ಕಾಲಕ್ಕೂ ಮುಗಿಯದ ರಾಶಿಯೇ ಅನಂತ. ಜೀವಗಳು ಮೋಕ್ಷಕ್ಕೆ ಹೋಗುತ್ತಲೇ ಇದ್ದರೂ ಸಂಸಾರ ಬರಿದಾಗದು ಎಂಬ ನಿಲುವಿಗೆ ಇದು ಬೇಕೇ ಬೇಕಿತ್ತು. ಆ ಟೀಕೆ ನಮ್ಮ ಕಾಲಕ್ಕೆ ಉಳಿದು ಬಂದದ್ದು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ.

ಆದರೆ ಅನಂತದ ಕಲ್ಪನೆಯಲ್ಲಿ ಒಳವಿರೋಧವಿಲ್ಲ ಎಂಬುದರಿಂದ ಅದು ಲೋಕದಲ್ಲಿ ಇದೆ ಎಂದಾಗುವುದಿಲ್ಲ. ಈ ಹೆಜ್ಜೆಯಲ್ಲಿ ಅನಂತದ ಪರದವರೂ ಎಡವುತ್ತಾರೆ. ಹಿಲ್ಬರ್ಟ್ 1925ರಲ್ಲಿ ಮ್ಯೂನ್‌ಸ್ಟರಿನ ಉಪನ್ಯಾಸದಲ್ಲಿ ಕ್ಯಾಂಟರನ ಗಣಿತವನ್ನು ಬಿಟ್ಟುಕೊಡೆ ಎಂದ. ಅದೇ ಉಪನ್ಯಾಸದಲ್ಲಿ ಪ್ರಕೃತಿಯಲ್ಲಿ ಅನಂತ ಎಲ್ಲೂ ಸಿಗದು ಎಂದೂ ಹೇಳಿದ. ನಕ್ಷತ್ರಗಳು ಅನಂತವೇ ಎಂಬುದನ್ನು ತರ್ಕ ತೀರ್ಮಾನಿಸದು. ಅಳತೆಗೂ ಅದು ಸುಲಭವಲ್ಲ: ವಿಶ್ವದ ಆಕಾಶದ ವಕ್ರತೆ (ಬಾಗು) ಸೊನ್ನೆಗೆ ಬಹಳ ಹತ್ತಿರ, ಅಂದರೆ ಅದು ಹೆಚ್ಚುಕಡಿಮೆ ಸಮತಟ್ಟು ಎಂದು ಗೊತ್ತಾಗಿದೆ, ಆದರೆ ಸಮತಟ್ಟಾದ ಆಕಾಶವೂ ತನ್ನೊಳಗೇ ಸುತ್ತಿಕೊಂಡು ಸೀಮಿತವಾಗಿರಬಹುದು.