ಒಂಟೆ ಕದ್ದೋರು ಯಾರು?

ಕಳೆದ ಡಿಸೆಂಬರಲ್ಲಿ ಸಂಡೇಸ್ಕೂಲಿನ ಒಬ್ಬ ಹುಡುಗ ಓಡೋಡಿ ಬಂದು ಕಂಪ್ಲೇಂಟ್ ಮಾಡ್ದ, "ಅಯ್ಯನವ್ರೇ, ಗೋದಲಿ ಹತ್ರ ಒಂಟೆ ಇಲ್ಲ, ಯಾರೋ ಕದ್ದಿದಾರೆ". ಕದ್ದೋನು ನಾನೇ. ಗೋದಲಿ, ಅಂದ್ರೆ ಮಗು ಯೇಸು ಮಲಗಿರೋ ಮೇವಿನ ತೊಟ್ಟಿ, ಅದರ ಸುತ್ತ ಜೋಡಿಸಿದ್ದ ಬೊಂಬೆಗಳಲ್ಲಿ, ನಕ್ಷತ್ರ ನೋಡಿ ಮಗುವನ್ನ ಹುಡುಕಿ ಬಂದ ಮೂರು ಜೋಯಿಸರನ್ನೂ ಅವರ ಒಂಟೆಯನ್ನೂ ತೆಗೆದು ಚರ್ಚಿನ ಹಿಂದಿನ ಬಾಗಿಲ ಪಕ್ಕದ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೆ, ಪ್ರತಿ ಭಾನುವಾರ ಒಂದೊಂದು ಕಿಟಕಿ ಮುಂದೆ ಸರಿಸ್ಕೊಂಡು ಬಂದು ಜನವರಿ 6ರ ಎಪಿಫನಿ, ಅಂದ್ರೆ ಜೋಯಿಸರು ಬಂದಿದ್ದನ್ನ ನೆನೆಯೋ ಹಬ್ಬದ ಹೊತ್ತಿಗೆ ಗೋದಲಿ ಮುಟ್ಟಿಸೋಣ ಅಂತ. ಕಮಿಟಿಯವರಿಗೆ ಸ್ವಲ್ಪ ಸಿಟ್ಟೇ ಬಂತು, ಫೋಟೋ ಚೆನ್ನಾಗಿ ಬರಲ್ಲ ಅಂತ.

ಸಭಾಪಾಲಕನಾಗಿ ಇಷ್ಟು ವರ್ಷದಲ್ಲಿ ನಾನು ನೋಡಿರೋದು ಏನಂದ್ರೆ ನಾವು ಅಡ್ವೆಂಟ್, ಅಂದ್ರೆ ಕ್ರಿಸ್ಮಸ್ಸಿಗೆ ಮುಂಚಿನ ಕಾಯೋ ಕಾಲ, ಅದನ್ನ ಮಾಡೋದೇ ಇಲ್ಲ. ಡಿಸೆಂಬರ್ ಮೊದಲ ವಾರದಿಂದಲೇ ಕ್ಯಾರಲ್ ರೌಂಡ್ಸ್, ಆಮೇಲೆ ಸಂಡೇಸ್ಕೂಲ್ ಕ್ರಿಸ್ಮಸ್, ಹೆಂಗಸರ ಕ್ರಿಸ್ಮಸ್, ಯೂತ್ ಕ್ರಿಸ್ಮಸ್, ಪ್ರತಿಯೊಂದಕ್ಕೂ ಒಂದು ಕೇಕು, 25ಕ್ಕೆ ಬರೋ ಹೊತ್ತಿಗೆ ಎಲ್ಲರಿಗೂ ಗಂಟಲು ಕಟ್ಟಿರುತ್ತೆ, 26ಕ್ಕೆ ಹಬ್ಬ ಮುಗೀತು. ಆದ್ರೆ ಸಭೆಯ ಪಂಚಾಂಗದಲ್ಲಿ ಕ್ರಿಸ್ಮಸ್ ಶುರುವಾಗೋದೇ 25ಕ್ಕೆ, ಅಲ್ಲಿಂದ ಜನವರಿ 5ರವರೆಗೆ ಹನ್ನೆರಡು ದಿನ. ಅದಕ್ಕೂ ಮುಂಚಿನ ನಾಲ್ಕು ಭಾನುವಾರ ಬರೀ ಕಾಯೋದು. ಆ ಭಾನುವಾರಗಳ ಬೈಬಲ್ ಪಾಠ ತೆಗೆದು ನೋಡಿ, ಮಗು ಎಲ್ಲಿದೆ? ಮೊದಲನೇ ವಾರ ಲೋಕದ ಅಂತ್ಯ, ಎಚ್ಚರವಾಗಿರಿ ಅನ್ನೋ ಮಾತು. ಎರಡನೇದು, ಮೂರನೇದು ಯೇಸುವಿಗೆ ದಾರಿ ಸಿದ್ಧ ಮಾಡಿದ ಪ್ರವಾದಿ ಸ್ನಾನಿಕ ಯೋಹಾನಂದು, ಅವನು ಬಂದವರಿಗೆ "ಸರ್ಪಜಾತಿಯವರೇ" ಅಂತ ಬೈತಾ ನಿಂತಿರ್ತಾನೆ. ಯೇಸುವಿನ ತಾಯಿ ಮರಿಯಳ ವಿಷಯ ಬರೋದು ನಾಲ್ಕನೇ ವಾರಕ್ಕೆ.

ಅಡ್ವೆಂಟ್ ಮೇಣದಬತ್ತಿಗಳೂ ಹುಟ್ಟಿದ್ದು ಕಾಯೋಕೆ ಆಗದ ಮಕ್ಕಳಿಗಾಗಿಯೇ. ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಆಶ್ರಮ ನಡೆಸ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಅನ್ನೋ ಪಾಸ್ಟರು, ಹಬ್ಬಕ್ಕೆ ಇನ್ನೆಷ್ಟು ದಿನ ಇನ್ನೆಷ್ಟು ದಿನ ಅಂತ ಕೇಳೋ ಮಕ್ಕಳಿಗೆ ಅಂತ 1839ರಲ್ಲಿ ಒಂದು ಗಾಡಿಚಕ್ರದ ಮೇಲೆ ಬತ್ತಿ ಜೋಡಿಸಿದ್ರಂತೆ, ದಿನಕ್ಕೊಂದು ಚಿಕ್ಕದು, ಭಾನುವಾರಕ್ಕೊಂದು ದೊಡ್ಡದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನವರು ಮಂಗಳೂರಿಗೆ ಬಂದು ಆಗಿನ್ನೂ ಐದು ವರ್ಷ. ನಮ್ಮಲ್ಲಿ ಕೆಲವು ಕಡೆ ಈಗ ನಾಲ್ಕು ಭಾನುವಾರದ ಬತ್ತಿಗೂ ಮೊದಲ ದಿನವೇ ಸ್ವಿಚ್ ಒತ್ತಿಬಿಡ್ತಾರೆ, ಬ್ಯಾಟರಿ ಬತ್ತಿ.

ಇದೆಲ್ಲ ಶಾಸ್ತ್ರ ಯಾಕೆ ಬೇಕು ಅಂತ ನಾನೂ ಮೊದಲು ಅಂದ್ಕೊಂಡಿದ್ದೆ. ಆಮೇಲೆ ಒಂದು ಮನೆಗೆ ಹೋದೆ. ನವೆಂಬರಲ್ಲಿ ಗಂಡ ತೀರ್ಕೊಂಡಿದ್ರು. ಅಮ್ಮ ಕಾಫಿ ಕೊಟ್ಟು ಬೀರು ಮೇಲೆ ಕೈ ತೋರಿಸಿದ್ರು, ಅಲ್ಲಿ ನಕ್ಷತ್ರ ಕವರಲ್ಲೇ ಇತ್ತು, ವೈರು ಹೋಲ್ಡರು ಸುತ್ತಿಟ್ಟ ಹಾಗೇ. ಪ್ರತಿ ವರ್ಷ ಸ್ಟೂಲ್ ಹತ್ತಿ ಕಟ್ತಿದ್ದವರು ತೀರ್ಕೊಂಡ ಯಜಮಾನರೇ. "ವರ್ಷ ತುಂಬೋವರೆಗೂ ಹಬ್ಬ ಮಾಡಬಾರದಂತೆ ಅಯ್ಯನವ್ರೇ, ಕ್ಯಾರಲ್ ಹುಡುಗರೂ ನಮ್ಮನೆ ಬಿಟ್ಟು ಮುಂದಿನ ಮನೆಗೆ ಹೋದ್ರು, ನಾನು ಲೈಟ್ ಆರಿಸಿ ಒಳಗೇ ಕೂತು ಕೇಳಿಸ್ಕೊಂಡೆ" ಅಂದ್ರು. ಹತ್ತು ವರ್ಷದ ಹಿಂದೆ ಆಗಿದ್ರೆ ಸಂತೋಷವಾಗಿರಿ, ಕ್ರಿಸ್ತ ಹುಟ್ಟಿದಾನೆ ಅಂತ ಹೇಳಿ ಪ್ರಾರ್ಥನೆ ಮಾಡಿ ಎದ್ದುಬಿಡ್ತಿದ್ದೆ, ಹಾಗೆ ಮಾಡಿದ್ದೂ ಇದೆ, ಅದು ನೆನಪಾದ್ರೆ ಈಗ ನಾಚಿಕೆ. ಅವತ್ತು ಹೇಳಿದ್ದು ಇಷ್ಟೇ, ಅಮ್ಮಾ ಹಬ್ಬ ಇನ್ನೂ ಬಂದಿಲ್ಲ, ಇದು ಕತ್ತಲಲ್ಲಿ ಕೂರೋ ಕಾಲವೇ, ನೀವು ಸರಿಯಾಗೇ ಮಾಡ್ತಿದೀರ, ಗಡಿಬಿಡಿ ಮಾಡ್ಕೊಂಡಿರೋದು ನಾವು.

ಇನ್ನು ಗೋದಲಿ ವಿಷಯ. ಯೇಸುವಿನ ಜೀವನ ಹೇಳೋ ನಾಲ್ಕು ಸುವಾರ್ತೆಗಳಲ್ಲಿ ಎರಡರಲ್ಲಿ ಮಾತ್ರ, ಮತ್ತಾಯ ಮತ್ತು ಲೂಕರದ್ದರಲ್ಲಿ, ಹುಟ್ಟಿನ ಕಥೆ ಇದೆ, ನಾವು ಎರಡನ್ನೂ ಕಲಸಿ ಒಂದೇ ರಾತ್ರಿಗೆ ತುಂಬಿಬಿಟ್ಟಿದೀವಿ. ಕುರುಬರು, ಗೋದಲಿ ಲೂಕನದು. ಛತ್ರದಲ್ಲಿ ಜಾಗ ಇರಲಿಲ್ಲ ಅಂತಾನಲ್ಲ, ಅವನ ಆ 'ಛತ್ರ' ಅನ್ನೋ ಮಾತಿಗೂ ಮೂಲ ಗ್ರೀಕಿನಲ್ಲಿರೋದು ಯೇಸುವಿನ ಕೊನೇ ಊಟದ ಕೋಣೆಗೆ ಬಳಸಿದ ಪದವೇ, ಅಂದ್ರೆ ಬಂದವರು ಉಳಿಯೋ ಕೋಣೆ, ಅದು ತುಂಬಿರಬಹುದು, ಹಾಗಾಗಿ ಮನೆಯಲ್ಲೇ ದನ ಕಟ್ಟೋ ಜಾಗ ಕೊಟ್ಟಿರಬಹುದು. ಬಯಲುಸೀಮೆಯ ಹಳೇ ಮನೆಗಳಲ್ಲಿ ಎತ್ತಿನ ಉಸಿರು ಕೇಳ್ತಾ ಮಲಗಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮತ್ತಾಯನ ಜೋಯಿಸರು ಬರೋದು ಗೋದಲಿಗಲ್ಲ, ಮನೆಗೆ. ಮೂರೇ ಜನ ಅಂತಾಗಲಿ ರಾಜರು ಅಂತಾಗಲಿ ಅವನು ಬರೆದಿಲ್ಲ, ಚಿನ್ನ ಧೂಪ ರಕ್ತಬೋಳ ಅಂತ ಮೂರು ಕಾಣಿಕೆ ಇದ್ದಿದ್ದಕ್ಕೆ ನಾವು ಮೂವರು ಮಾಡಿದೀವಿ. ಜೋಯಿಸರು ತನಗೆ ಸುದ್ದಿ ಹೇಳದೆ ಬೇರೆ ದಾರೀಲಿ ವಾಪಸ್ ಹೋದ್ರು ಅಂತ ಸಿಟ್ಟಾಗಿ ರಾಜ ಹೆರೋದ ಎರಡು ವರ್ಷದೊಳಗಿನ ಗಂಡುಮಕ್ಕಳನ್ನೆಲ್ಲ ಕೊಲ್ಲಿಸಿದ್ದು ನೋಡಿದ್ರೆ ಅವರು ಬರೋ ಹೊತ್ತಿಗೆ ಮಗು ನಡೆಯೋ ಹಾಗಾಗಿದ್ರೂ ಆಶ್ಚರ್ಯ ಇಲ್ಲ. ಅಷ್ಟು ತಡ! (ಆ ಕೂಸುಗಳ ದಿನ ಡಿಸೆಂಬರ್ 28. ಕೇಕಿನ ವಾರದಲ್ಲಿ ಅದರ ಮೇಲೆ ಪ್ರಸಂಗ ಮಾಡೋಕೆ ನಮಗ್ಯಾರಿಗೂ ಬಾಯಿ ಬರಲ್ಲ, ಮಕ್ಕಳನ್ನ ಕಳ್ಕೊಂಡವರು ಬೆಂಚಲ್ಲಿ ಕೂತಿರ್ತಾರೆ.)

ಕನ್ನಡ ಬೈಬಲಿನವರು ಜೋಯಿಸರು ಅನ್ನೋ ಮಾತು ಹಾಕಿದ್ದು ನನಗೆ ತುಂಬಾ ಇಷ್ಟ, ಪಂಚಾಂಗ ಕಂಕುಳಲ್ಲಿ ಇಟ್ಕೊಂಡ ಊರ ಜೋಯಿಸರೇ ಕಣ್ಣ ಮುಂದೆ ಬರ್ತಾರೆ. ನಕ್ಷತ್ರ ನೋಡಿ ಹೇಳೋರನ್ನ ಪ್ರವಾದಿ ಯೆಶಾಯ ಗೇಲಿ ಮಾಡಿದಾನೆ, ಆದ್ರೆ ಇಲ್ಲಿ ದಾರಿ ಹಿಡಿದು ಬಂದವರು ಅವರೇ. ಯೆರೂಸಲೇಮಿನ ಶಾಸ್ತ್ರಿಗಳಿಗೆ ಪ್ರವಾದಿ ಮೀಕನ ವಚನ ಬಾಯಿಪಾಠ, ಕ್ರಿಸ್ತ ಹುಟ್ಟೋದೆಲ್ಲಿ ಅಂತ ಕೇಳಿದ್ರೆ ಬೇತ್ಲೆಹೇಮ್ ಅಂತ ಥಟ್ಟನೆ ಹೇಳಿದ್ರು, ಅಲ್ಲಿಂದ ಬರೀ ಒಂಬತ್ತು ಕಿಲೋಮೀಟರ್, ಒಬ್ಬನೂ ಎದ್ದು ಹೋಗಲಿಲ್ಲ. ಇದನ್ನ ಓದುವಾಗ ಪ್ರತಿ ಸಲ ನನಗೇ ಚುಚ್ಚುತ್ತೆ, ಉತ್ತರ ಹೇಳಿ ಕೂತಲ್ಲೇ ಕೂತಿರೋ ಕೆಲಸ ನಮ್ಮಂಥವರದ್ದೇ ತಾನೆ.

ಎಪಿಫನಿ ಭಾನುವಾರ ಆ ಅಮ್ಮ ಬಂದ್ರು, ಕೈಲೊಂದು ಸ್ಟೀಲ್ ಡಬ್ಬಿ, ಒಳಗೆ ಕರ್ಜಿಕಾಯಿ. "ತಡ ಆಯ್ತು" ಅಂದ್ರು. ನಕ್ಷತ್ರ ಕಟ್ಟಿದ್ರಾ ಅಂತ ನಾನು ಕೇಳಲಿಲ್ಲ.

ಆರಾಧನೆ ಮುಗಿದ ಮೇಲೆ ಜೋಯಿಸರನ್ನ ಗೋದಲಿಗೆ ತಂದಿಡೋ ಕೆಲಸ ಕಂಪ್ಲೇಂಟ್ ಹುಡುಗನಿಗೇ ಕೊಟ್ಟಿದ್ದೆ. ಮೂವರನ್ನೂ ನೀಟಾಗಿ ಮಂಡಿಯೂರಿಸಿ ಇಟ್ಟ, ಒಂಟೆ ಮುಖ ಮಾತ್ರ ಗೋಡೆ ಕಡೆಗೆ ತಿರುಗಿಸಿದ. ಯಾಕೋ ಹೀಗಿಟ್ಟೆ ಅಂದ್ರೆ, "ಅವ್ರು ಬಂದ ದಾರೀಲಿ ವಾಪಸ್ ಹೋಗಬಾರದಲ್ವಾ ಅಯ್ಯನವ್ರೇ, ಹೆರೋದ ಇದಾನೆ" ಅಂದ.