ಒಳ್ಳೇದು ಮಾಡ್ಬೇಕು ಅಂತ ಮನಸ್ಸಿದ್ರೂ ಯಾಕೆ ಆಗಲ್ಲ? ರೋಮಾಪುರದವರಿಗೆ 7ನೇ ಅಧ್ಯಾಯದ ಟಿಪ್ಪಣಿ

ಬೈಬಲ್‌ನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರ ಓದ್ತಾ 7ನೇ ಅಧ್ಯಾಯದ 15ನೇ ವಚನಕ್ಕೆ ಬಂದ್ರೆ ಯಾರೇ ಆಗ್ಲಿ ಒಂದು ಸಲ ನಿಂತು ಮತ್ತೆ ಓದ್ತಾರೆ, ಯಾಕಂದ್ರೆ ಪೌಲ ಅಲ್ಲಿ ಹೇಳೋದು ನಮ್ಮೆಲ್ಲರ ಕಥೇನೇ: ನಾನು ಏನು ಮಾಡ್ಬೇಕು ಅಂತ ಇಷ್ಟಪಡ್ತೀನೋ ಅದನ್ನ ಮಾಡಲ್ಲ, ಯಾವುದನ್ನ ಕಂಡ್ರೆ ಆಗಲ್ವೋ ಅದನ್ನೇ ಮಾಡ್ತೀನಿ. 18, 19ರಲ್ಲಿ ಇನ್ನೂ ಬಿಡಿಸಿ ಹೇಳ್ತಾನೆ, ಒಳ್ಳೇದು ಮಾಡ್ಬೇಕು ಅನ್ನೋ ಮನಸ್ಸು ಇದೆ, ಮಾಡೋ ಶಕ್ತಿ ಮಾತ್ರ ಇಲ್ಲ ಅಂತ. ಇಲ್ಲಿ ಒಂದು ವಿಷಯ ಗಮನಿಸಿ. ಆ ಮನಸ್ಸು ಸುಳ್ಳು ಅಂತ ಪೌಲ ಎಲ್ಲೂ ಹೇಳಲ್ಲ. 22ನೇ ವಚನದಲ್ಲಂತೂ ಒಳಗಿನ ಮನುಷ್ಯನಿಗೆ ದೇವರ ನಿಯಮದಲ್ಲಿ ಸಂತೋಷ ಇದೆ ಅಂತಾನೆ. ಹಾಗಾಗಿ ಪಾಪದಲ್ಲಿ ಬಿದ್ದ ತಕ್ಷಣ "ನನ್ನ ಭಕ್ತಿಯೆಲ್ಲಾ ನಾಟಕ ಆಗಿತ್ತು" ಅಂತ ತೀರ್ಮಾನಕ್ಕೆ ಬರೋರಿಗೆ ಈ ವಚನ ತುಂಬಾ ಮುಖ್ಯ. ಆಸೆ ನಿಜಾನೇ, ಆದ್ರೆ ಆಸೆ ಬೇರೆ ಬಲ ಬೇರೆ.

ಸ್ವಲ್ಪ ಹಿಂದಕ್ಕೆ 7, 8ನೇ ವಚನಕ್ಕೆ ಹೋಗೋಣ, ಅಲ್ಲಿ ಜಾಸ್ತಿ ಹೊತ್ತು ಇರ್ಬೇಕು ಅನ್ಸುತ್ತೆ ನಂಗೆ. ಹತ್ತು ಆಜ್ಞೆಗಳಲ್ಲಿ ಪೌಲ ಉದಾಹರಣೆಗೆ ತಗೊಂಡಿದ್ದು ಕೊನೇದು, ಬೇರೆಯವರದ್ದಕ್ಕೆ ಆಸೆಪಡಬೇಡ ಅನ್ನೋದು. ಕೊಲೆ ಕಳ್ಳತನ ಎಲ್ಲಾ ಹೊರಗೆ ಕಾಣುತ್ತೆ, ಆಸೆ ಯಾರಿಗೂ ಕಾಣಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ (3:6) ಇದೇ ಪೌಲ ಧರ್ಮಶಾಸ್ತ್ರದ (ಮೋಶೆಯ ಮೂಲಕ ಬಂದ ನಿಯಮಗಳ) ನೀತಿ ನೋಡಿದ್ರೆ ನನ್ನ ಮೇಲೆ ತಪ್ಪು ಹೊರಿಸೋ ಹಾಗೇ ಇರ್ಲಿಲ್ಲ ಅಂತಾನೆ. ಅಂದ್ರೆ ಹೊರಗಿಂದ ನೋಡೋರಿಗೆ ಎಲ್ಲಾ ಸರಿಯಾಗಿದ್ದ ಮನುಷ್ಯ ಇಲ್ಲಿ, ಆಸೆಪಡಬೇಡ ಅನ್ನೋ ಒಂದು ಆಜ್ಞೆ ಬಂದಾಗ ಒಳಗೆ ಎಲ್ಲಾ ಥರದ ಆಸೆ ಎದ್ದು ಕೂತ್ಕೊಂಡಿತು ಅಂತ ಬರೀತಾನೆ. ಆಜ್ಞೆ ಕೆಟ್ಟದ್ದಲ್ಲ, ಅದು ಪವಿತ್ರ ಅಂತಾನೇ ಹೇಳ್ತಾನೆ 12ರಲ್ಲಿ, ಆದ್ರೆ ಆಜ್ಞೆ ಒಳಗೆ ಏನಿದೆ ಅಂತ ತೋರಿಸುತ್ತೆ, ತೆಗೆಯೋ ಕೆಲಸ ಅದರ ಕೈಲಾಗಲ್ಲ. ಇನ್ನೂ ಸ್ಟ್ರಿಕ್ಟ್ ಆಗಿ ಇನ್ನೊಂದು ರೂಲ್ ಹಾಕ್ಕೊಂಡ್ರೆ ಗೆದ್ದುಬಿಡ್ತೀನಿ ಅನ್ನೋ ನಂಬಿಕೆ ಇಲ್ಲೇ ಬಿದ್ದುಹೋಗುತ್ತೆ.

ಇನ್ನು ಈ "ನಾನು" ಯಾರು ಅನ್ನೋ ಪ್ರಶ್ನೆ. ಕ್ರಿಸ್ತನನ್ನ ನಂಬಿದ ಮೇಲಿನ ಪೌಲನಾ, ಇಲ್ಲ ನಂಬೋಕೆ ಮುಂಚಿನ ಮನುಷ್ಯನಾ? ಕ್ರೈಸ್ತ ಸಭೆಯ (ಚರ್ಚ್‌ನ) ಇತಿಹಾಸದಲ್ಲಿ ಎರಡೂ ಕಡೆ ದೊಡ್ಡವರಿದ್ದಾರೆ. ಅಗಸ್ಟೀನ್ (354–430) ಮೊದಲು ಇದು ಕೃಪೆ ಸಿಗದೆ ಧರ್ಮಶಾಸ್ತ್ರದ ಕೆಳಗೆ ಇರೋನ ಮಾತು ಅಂತ ಓದಿದ್ದ, ಆಮೇಲೆ, ಮನುಷ್ಯ ತನ್ನ ಬಲದಿಂದಲೇ ಒಳ್ಳೇದು ಮಾಡಬಲ್ಲ ಅಂತಿದ್ದ ಪೆಲಾಗಿಯಸ್ ಜೊತೆಗಿನ ವಾದದ ಕಾಲಕ್ಕೆ ಅಭಿಪ್ರಾಯ ಬದಲಾಯಿಸಿ ಇದು ವಿಶ್ವಾಸಿಯ ಮಾತೂ ಹೌದು ಅಂದ. ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಇಬ್ರೂ ಆ ಎರಡನೇ ದಾರೀಲೇ ಹೋದ್ರು, ಮೆಥೋಡಿಸ್ಟ್ ಪಂಗಡದ ವೆಸ್ಲಿ ಒಪ್ಪಲಿಲ್ಲ. 14ನೇ ವಚನದಿಂದ ಪೌಲ ವರ್ತಮಾನ ಕಾಲದಲ್ಲಿ ಮಾತಾಡ್ತಾನೆ, ಅದು ಒಂದು ಕಡೆಯ ವಾದ. ಪಾಪಕ್ಕೆ ಮಾರಲ್ಪಟ್ಟೋನು ಅಂತ ಹೇಳ್ಕೊಳ್ಳೋನು 6:14ರಲ್ಲಿ ಪಾಪ ನಿಮ್ಮ ಮೇಲೆ ಅಧಿಕಾರ ನಡೆಸಲ್ಲ ಅಂದಿದ್ದು ಹೇಗೆ, ಇದು ಇನ್ನೊಂದು ಕಡೆಯ ವಾದ. ನನ್ನ ಮಟ್ಟಿಗೆ ಈ ಚರ್ಚೆಯಲ್ಲೇ ಸಿಕ್ಕಿಹಾಕ್ಕೊಳ್ಳೋದು ಬೇಡ, ಯಾಕಂದ್ರೆ ಗಲಾತ್ಯದವರಿಗೆ 5:17ರಲ್ಲಿ ಶರೀರಭಾವ (ಪಾಪದ ಕಡೆ ವಾಲೋ ಸ್ವಭಾವ) ಆತ್ಮನಿಗೆ ವಿರುದ್ಧ, ಆತ್ಮ ಶರೀರಭಾವಕ್ಕೆ ವಿರುದ್ಧ ಅಂತ ಪೌಲ ವಿಶ್ವಾಸಿಗಳಿಗೇ ಬರೆದಿದ್ದಾನೆ. ಹೋರಾಟ ಕ್ರೈಸ್ತನೊಳಗೂ ಇದೆ, ಅದರಲ್ಲಿ ಡೌಟ್ ಇಲ್ಲ.

ಶೋಧನೆ (ಪಾಪದ ಕಡೆ ಎಳೆಯೋ ಪ್ರಲೋಭನೆ) ಬಂದಿದ್ದೇ ಪಾಪ ಅಂದ್ಕೊಂಡು ಒಳಗೊಳಗೇ ನರಳೋರು ತುಂಬಾ ಜನ ಇದ್ದಾರೆ. ಇಬ್ರಿಯರಿಗೆ 4:15 ಓದಿ, ಯೇಸು ಎಲ್ಲಾ ವಿಷಯದಲ್ಲೂ ನಮ್ಮ ಹಾಗೇ ಶೋಧನೆಗೆ ಒಳಗಾದ, ಪಾಪ ಮಾತ್ರ ಮಾಡಲಿಲ್ಲ. ಹಾಗಿದ್ಮೇಲೆ ಶೋಧನೆ ಬರೋದೇ ಪಾಪ ಆಗೋಕೆ ಸಾಧ್ಯ ಇಲ್ಲ. ಯಾಕೋಬ 1:14, 15 ಇದನ್ನ ಹಂತ ಹಂತವಾಗಿ ತೋರಿಸುತ್ತೆ: ಸ್ವಂತ ಆಸೆ ಎಳೆಯುತ್ತೆ, ಮರುಳು ಮಾಡುತ್ತೆ, ಆಸೆ ಬಸುರಾಗಿ ಪಾಪವನ್ನ ಹೆರುತ್ತೆ, ಪಾಪ ಬೆಳೆದು ಮರಣವನ್ನ ಹೆರುತ್ತೆ. (ಒಳಗೆ ಏಳೋ ಆ ಕೆಟ್ಟ ಆಸೇನೇ ಪಾಪಾನಾ ಅನ್ನೋದ್ರಲ್ಲಿ ಸಭೆಗಳಲ್ಲಿ ಒಮ್ಮತ ಇಲ್ಲ. ದೀಕ್ಷಾಸ್ನಾನ ಆದವರಲ್ಲಿ ಆ ಒಲವು ಉಳಿದಿರುತ್ತೆ, ಅದು ಸರಿಯಾದ ಅರ್ಥದಲ್ಲಿ ಪಾಪ ಅಲ್ಲ ಅಂತ 1546ರಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ಹೇಳಿತು, ಲೂಥರ್ ಕಡೆಯವರು ಅದೂ ಪಾಪಾನೇ ಅಂದ್ರು.)

ಈ ಹಂತಗಳನ್ನ ಹತ್ತಿರದಿಂದ ನೋಡ್ಬೇಕು ಅಂದ್ರೆ 2 ಸಮುವೇಲ 11 ತೆಗೀರಿ. ರಾಜರು ಯುದ್ಧಕ್ಕೆ ಹೊರಡೋ ಕಾಲ, ರಾಜ ದಾವೀದ ತನ್ನ ಸೇನಾಪತಿ ಯೋವಾಬನನ್ನ ಕಳಿಸಿ ತಾನು ಯೆರೂಸಲೇಮಲ್ಲೇ ಉಳ್ಕೊಂಡ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆ ಮೇಲೆ ಓಡಾಡ್ತಿದ್ದಾಗ ಒಬ್ಬ ಹೆಂಗಸು ಸ್ನಾನ ಮಾಡೋದು ಕಣ್ಣಿಗೆ ಬಿತ್ತು. ಇಲ್ಲಿವರೆಗೂ ವಾಪಸ್ ಬರೋಕೆ ದಾರಿ ಇತ್ತು, ಒಳಗೆ ಹೋಗಿದ್ರೆ ಮುಗೀತಿತ್ತು. ಅವನು ಆಳು ಕಳಿಸಿ ಆಕೆ ಯಾರು ಅಂತ ವಿಚಾರಿಸ್ತಾನೆ. ಬಂದ ಉತ್ತರದಲ್ಲೇ ಎಚ್ಚರಿಕೆ ಇದೆ ನೋಡಿ, ಆಕೆ ದಾವೀದನ ಸೈನಿಕ ಊರೀಯನ ಹೆಂಡತಿ ಬತ್ಷೆಬೆ. ಬೇರೆಯವರ ಹೆಂಡತಿ ಅಂತ ಕಿವಿಗೆ ಬಿದ್ದ ಮೇಲೂ ಆಳು ಕಳಿಸಿ ಕರೆಸಿ ಆಕೆ ಜೊತೆ ಮಲಗ್ತಾನೆ. ಆಮೇಲೆ ಅದನ್ನ ಮುಚ್ಚಿಹಾಕೋಕೆ ಒಂದರ ಮೇಲೊಂದು ಮಾಡಿ ಕೊನೆಗೆ ಊರೀಯನ ಸಾವಿನ ಆದೇಶ ಇರೋ ಪತ್ರಾನ ಊರೀಯನ ಕೈಯಲ್ಲೇ ಕೊಟ್ಟು ಕಳಿಸ್ತಾನೆ, ಓದೋವಾಗ ಮೈ ಜುಮ್ಮನ್ನುತ್ತೆ. ಕೊಲೆ ಮಾಡಿಸ್ಬೇಕು ಅಂತ ಆ ಸಂಜೆ ಅವನು ಮಾಳಿಗೆ ಹತ್ತಿರಲಿಲ್ಲ.

ಇದರ ಪಕ್ಕದಲ್ಲೇ ಆದಿಕಾಂಡ 39ರ ಯೋಸೇಫನ್ನ ಇಟ್ಟು ಓದಿ. ಯಜಮಾನನ ಹೆಂಡತಿ ದಿನಾ ಪೀಡಿಸ್ತಿದ್ಳು, ಅವನು ಆಕೆ ಹತ್ತಿರ ಇರೋದಕ್ಕೂ ಒಪ್ಪಲಿಲ್ಲ ಅಂತ 10ನೇ ವಚನ ಹೇಳುತ್ತೆ. ಕೊನೆಗೆ ಬಟ್ಟೆ ಹಿಡ್ಕೊಂಡಾಗ ಬಟ್ಟೆ ಬಿಟ್ಟು ಓಡಿದ. ಅವನೇನು ಅಲ್ಲೇ ನಿಂತು ತನ್ನ ಮನಸ್ಸು ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡೋಕೆ ಹೋಗ್ಲಿಲ್ಲ. ನಾವು ಸೋಲೋದು ಬಹಳ ಸಲ ಕೊನೇ ಕ್ಷಣದಲ್ಲಲ್ಲ, ಅದಕ್ಕೆ ಎಷ್ಟೋ ಮುಂಚೆ, ಇನ್ನೂ ಏನೂ ಆಗಿಲ್ವಲ್ಲ ಅಂತ ನಿಂತ್ಕೊಂಡಿರೋ ಜಾಗದಲ್ಲಿ.

ಒಳ್ಳೇ ಉದ್ದೇಶ ಅನ್ನೋದಕ್ಕೆ ಯೇಸುವಿನ ಶಿಷ್ಯ ಪೇತ್ರನಿಗಿಂತ ಒಳ್ಳೇ ಉದಾಹರಣೆ ಇಲ್ಲ. ಮತ್ತಾಯ 26:33ರಲ್ಲಿ ಎಲ್ರೂ ನಿನ್ನನ್ನ ಬಿಟ್ರೂ ನಾನು ಬಿಡಲ್ಲ ಅಂತಾನೆ, ಸಾಯ್ಬೇಕಾದ್ರೂ ಸರಿ ನಿನ್ನನ್ನ ಗೊತ್ತಿಲ್ಲ ಅನ್ನಲ್ಲ ಅಂತಾನೆ. ಅವನು ಮನಸಾರೆ ಹೇಳಿದ್ದು ಅಂತಾನೇ ನಾನು ನಂಬ್ತೀನಿ. ಅದೇ ರಾತ್ರಿ ಗೆತ್ಸೇಮನೆಯಲ್ಲಿ ಯೇಸು, ಶೋಧನೆಗೆ ಒಳಗಾಗದ ಹಾಗೆ ಎಚ್ಚರವಾಗಿದ್ದು ಪ್ರಾರ್ಥನೆ ಮಾಡಿ, ಮನಸ್ಸು ಸಿದ್ಧ ಇದೆ ಆದ್ರೆ ದೇಹಕ್ಕೆ ಬಲ ಸಾಲದು ಅಂದಾಗ, ಪೇತ್ರ ಮಲಗಿಬಿಟ್ಟ. ಮೂರು ಸಲ ಬಂದು ನೋಡಿದಾಗಲೂ ನಿದ್ದೇಲೇ ಇದ್ದ. ಆಮೇಲೆ ಅಂಗಳದಲ್ಲಿ ಒಬ್ಬ ಕೆಲಸದ ಹುಡುಗಿ ನೀನೂ ಯೇಸುವಿನ ಜೊತೆ ಇದ್ದೋನು ಅಂದಿದ್ದಕ್ಕೇ ಎದೆ ನಡುಗಿಹೋಯ್ತು, ಇಲ್ಲ ಅಂದುಬಿಟ್ಟ. ಇಲ್ಲಿ ಕೊರತೆ ಇದ್ದಿದ್ದು ನಿಷ್ಠೆಯದ್ದಲ್ಲ, ನಂಗೆ ಸಹಾಯ ಬೇಕು ಅನ್ನೋ ಅರಿವಿನದ್ದು.

ಈ ಅರಿವು ಇಟ್ಕೊಂಡು ರೋಮಾ 7:15ರಿಂದ 25ರ ತನಕ ಮತ್ತೊಮ್ಮೆ ಓದಿ ನೋಡಿ. ಸಾಲು ಸಾಲಿಗೂ ನಾನು, ನನ್ನ, ನನಗೆ. ಪವಿತ್ರಾತ್ಮನ ಹೆಸರು ಅಷ್ಟು ವಚನಗಳಲ್ಲಿ ಒಂದು ಸಲಾನೂ ಬರಲ್ಲ. 8ನೇ ಅಧ್ಯಾಯ ಶುರುವಾಗಿದ್ದೇ ತಡ ಆತ್ಮನ ಮಾತು ಮತ್ತೆ ಮತ್ತೆ ಬರುತ್ತೆ. ಅಯ್ಯೋ ಈ ದೇಹದಿಂದ ನನ್ನನ್ನ ಯಾರು ಬಿಡಿಸ್ತಾರೆ ಅಂತ 24ರಲ್ಲಿ ಕೂಗಿದವನು "ಹೇಗೆ" ಅಂತ ಕೇಳಲಿಲ್ಲ, "ಯಾರು" ಅಂತ ಕೇಳಿದ. ಉತ್ತರ ಮುಂದಿನ ವಚನದಲ್ಲೇ ಇದೆ, ಯೇಸು ಕ್ರಿಸ್ತ. ನಮಗೆ ಅಧ್ಯಾಯ ಮುಗಿದ ತಕ್ಷಣ ಪುಸ್ತಕ ಮುಚ್ಚೋ ಅಭ್ಯಾಸ, ಆದ್ರೆ ಈ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳು 1551ರದ್ದು. ಪೌಲ ಹೇಳ್ತಾ ಲಿಪಿಕಾರ ತೆರ್ತ್ಯ ಬರ್ಕೊಂಡಾಗ ಮಧ್ಯದಲ್ಲಿ ಗೆರೆ ಇರ್ಲಿಲ್ಲ. ಹಾಗಾಗಿ 7:25 ಓದಿದವರು ಉಸಿರು ಬಿಡದೆ 8:1ಕ್ಕೆ ಹೋಗ್ಬೇಕು: ಕ್ರಿಸ್ತ ಯೇಸುವಿನಲ್ಲಿರೋರಿಗೆ ಅಪರಾಧಿ ಅನ್ನೋ ತೀರ್ಪು ಈಗ ಇಲ್ಲ.

ತೀರ್ಪು ಇಲ್ಲ ಅಂದ್ರೆ ಹೋರಾಟ ಬಿಟ್ಟುಬಿಡಿ ಅಂತಲ್ಲ. 8:13ರಲ್ಲಿ ಆತ್ಮನಿಂದ ದೇಹದ ದುರಭ್ಯಾಸಗಳನ್ನ ಸಾಯಿಸಿ ಅಂತ ಹೇಳ್ತಾನೆ, ಅದು ನಾವೇ ಮಾಡ್ಬೇಕಾದ್ದು ಆದ್ರೆ ನಮ್ಮ ಬಲದಿಂದ ಅಲ್ಲ. ಬಿದ್ದಾಗ 1 ಯೋಹಾನ 1:9 ಇದೆ, ಒಪ್ಕೊಂಡ್ರೆ ಕ್ಷಮಿಸ್ತಾನೆ. ದಾವೀದನ ಪಶ್ಚಾತ್ತಾಪ ಕೀರ್ತನೆ 51ರಲ್ಲಿದೆ, ಅದನ್ನ ನಿಧಾನವಾಗಿ ಪ್ರಾರ್ಥನೆ ಥರ ಓದಿ. ಯಾಕೋಬ 5:16 ಹೇಳೋ ಹಾಗೆ ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡ್ಕೊಂಡು ಪ್ರಾರ್ಥಿಸೋದನ್ನ ನಾವು ತುಂಬಾ ಕಡಿಮೆ ಮಾಡ್ತೀವಿ, ಗುಟ್ಟಾಗಿ ಒಬ್ಬರೇ ಹೋರಾಡ್ತಾ ಇದ್ರೆ ಅದು 7ನೇ ಅಧ್ಯಾಯದ "ನಾನು" ಆಗೇ ಉಳ್ಕೊಳ್ಳುತ್ತೆ. ನಂಬಿಕೆ ಇರೋ ಒಬ್ರ ಹತ್ರ ಆದ್ರೂ ಬಾಯಿಬಿಟ್ಟು ಹೇಳಿ, ಬಿದ್ದಮೇಲೆ ಅಲ್ಲ, ಶೋಧನೆ ಶುರುವಾದಾಗಲೇ.