ಉಗುಳಿನಲ್ಲೇ ಇದ್ದ ಸುಳಿವು

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನಿಗೆ ಅಕ್ಕಿ ರೊಟ್ಟಿ ನುಂಗಲು ತುತ್ತಿಗೊಂದು ಗುಟುಕು ನೀರು ಬೇಕಿತ್ತು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ಮನೆಯವರದ್ದು ಒಂದೇ ಮಾತು: ಕವಳ (ಎಲೆ-ಅಡಿಕೆ) ಜಾಸ್ತಿಯಾಯಿತು. ಅಡಿಕೆ ಸೀಮೆಯಲ್ಲಿ ಬಾಯಿ ಕೆಟ್ಟರೆ ಮೊದಲ ಅನುಮಾನ ಅಡಿಕೆ ಮೇಲೇ, ಅಲ್ವಾ? ಅಡಿಕೆಯಿಂದ ಬಾಯಿ ಉರಿಯುವುದು, ಬಿಗಿಯುವುದು ನಿಜವೇ. ಸಕ್ಕರೆ ಕಾಯಿಲೆಯಿಂದ, ಕೆಲವು ಮಾತ್ರೆಗಳಿಂದಲೂ ಬಾಯಿ ಒಣಗುತ್ತದೆ. ಆದರೆ ದೊಡ್ಡಮ್ಮನಿಗೆ ಇದ್ದದ್ದು ಶೋಗ್ರೆನ್ ಕಾಯಿಲೆ. ಅದು ಗೊತ್ತಾಗುವ ಹೊತ್ತಿಗೆ ಐದಾರು ವರ್ಷ ಕಳೆದು, ಅರ್ಧ ಹಲ್ಲು ಹುಳುಕಾಗಿದ್ದವು.

ಇದರಲ್ಲಿ ನಮ್ಮನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳನ್ನು ಹಾಳುಮಾಡುತ್ತವೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು.

ಹೆನ್ರಿಕ್ ಶೋಗ್ರೆನ್ ಸ್ವೀಡನ್ನಿನ ಕಣ್ಣಿನ ಡಾಕ್ಟರು. 1933ರ ತಮ್ಮ ಪ್ರಬಂಧದಲ್ಲಿ ಅವರು 19 ಹೆಂಗಸರ ತೊಂದರೆ ಬರೆದರು. 13 ಮಂದಿಗೆ ಕೀಲುವಾತವೂ ಇತ್ತು. ಒಣಗಿದ ಕಣ್ಣು, ಒಣಗಿದ ಬಾಯಿ, ನೋಯುವ ಕೀಲು ಒಂದೇ ಬೇರಿನವು ಎಂದು ಅವರು ಗುರುತಿಸಿದರು.

ಈ ಕಾಯಿಲೆಯನ್ನು ಖಚಿತ ಮಾಡುವುದು ಮಾತ್ರ ಇವತ್ತಿಗೂ ಸುಲಭವಲ್ಲ. ಕೆಳತುಟಿಯ ಒಳಗೆ ಸಣ್ಣದಾಗಿ ಕೊಯ್ದು, ಪುಟ್ಟ ಗ್ರಂಥಿಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತದಲ್ಲಿ ಆ್ಯಂಟಿ-ರೋ ಎಂಬ ಪ್ರತಿಕಾಯ ಹುಡುಕುತ್ತಾರೆ. 2016ರ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇವೆರಡಕ್ಕೆ ತಲಾ 3 ಅಂಕ. ಒಟ್ಟು 4 ಬಂದರೆ ಶೋಗ್ರೆನ್. ಉಗುಳಿಗೆ ಸಿಗುವುದು ಒಂದೇ ಅಂಕ. ಅದೂ ನಿಮಿಷಕ್ಕೆ 0.1 ಮಿ.ಲೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ. ಎಷ್ಟು ಬಂತು ಎಂದು ಅಳೆಯುತ್ತಾರೆ, ಅದರೊಳಗೆ ಏನಿದೆ ಎಂದು ಕೇಳುವುದಿಲ್ಲ.

ನಾವು ಎಂಜಲೆಂದು ದೂರ ಇಡುವ ಉಗುಳಿನಲ್ಲಿ ಶೇ. 99 ನೀರು. ಉಳಿದ ಚೂರಿನಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿವೆ. ಗ್ರಂಥಿ ಸೊರಗಿದರೆ ಅದು ತಯಾರಿಸುವ ಪ್ರೋಟೀನು ಇಳಿಯುತ್ತದೆ. ಉರಿಯೂತ ಎದ್ದರೆ ಬೇರೆ ಕೆಲವು ಏರುತ್ತವೆ. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬ ಪ್ರೋಟೀನು ಹೀಗೆ ಏರುವುದು 1975ರಲ್ಲೇ ಕಂಡಿತ್ತು. 2007ರಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ರೋಗಿಗಳ ಉಗುಳಿನಲ್ಲಿ 25 ಪ್ರೋಟೀನು ಏರಿದ್ದನ್ನೂ 16 ಇಳಿದಿದ್ದನ್ನೂ ಪಟ್ಟಿ ಮಾಡಿದರು. ಆಮೇಲೆ ಕ್ಯಾಥೆಪ್ಸಿನ್-ಡಿ, ಆಲ್ಫಾ-ಇನೋಲೇಸ್ ಎಂಬ ಪ್ರೋಟೀನುಗಳ ಜೊತೆ ಹಳೆಯ ಬೀಟಾ-2 ಕೂಡ ಮತ್ತೆ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತಿತು.

ತುಟಿ ಕೊಯ್ಯದೆ, ಸೂಜಿ ಚುಚ್ಚದೆ ಸುಳಿವು ಸಿಗುವುದು ಸುಮ್ನೆ ಮಾತಲ್ಲ. ಆದರೆ ಕವಳದಿಂದಲೋ ಬೇರೆ ಕಾರಣದಿಂದಲೋ ವಸಡಿನ ಊತವಿದ್ದರೂ ಈ ಪ್ರೋಟೀನುಗಳಲ್ಲಿ ಕೆಲವು ಏರಬಹುದು. ಹಾಗಾಗಿ ನಮ್ಮ ಮಲೆನಾಡಿಗೆ ಈ ಪರೀಕ್ಷೆ ಬರುವುದಾದರೆ, ದೊಡ್ಡಮ್ಮನಂಥವರ ಉಗುಳನ್ನು ಮೊದಲು ಹೋಲಿಸಬೇಕಾದದ್ದು ಕವಳ ಹಾಕಿಯೂ ಬಾಯಿ ಒಣಗದ ಇಲ್ಲಿನ ಹೆಂಗಸರ ಉಗುಳಿನ ಜೊತೆ.